ಪಂಕ್ತಿಯಲ್ಲಿ ಕೂತ ಕೆಂಪು ದೀಪ

ದೇವರ ಮುಂದಿನ ದೀಪ ಮಂಕಾದರೆ ಬತ್ತಿ ಚಾಚಿ ಎಣ್ಣೆ ಎರೆಯಬೇಕು ಎಂಬುದು ಚೆನ್ನಮ್ಮನಿಗೆ ಹಾಲು ಹಲ್ಲಿನ ಕಾಲಕ್ಕೇ ಗೊತ್ತಿತ್ತು. ಕಾರಿನ ಡ್ಯಾಶ್‌ಬೋರ್ಡಿನ ದೀಪ ಮಂಕಾದರೆ ಏನು ಮಾಡಬೇಕೆಂದು ಮಾತ್ರ ಐವತ್ತು ದಾಟಿದರೂ ಯಾರೂ ಹೇಳಿಕೊಟ್ಟಿರಲಿಲ್ಲ.

ಕೊಪ್ಪಳದ ಕಡೆಯ ಹಳ್ಳಿಯ ಹೆಣ್ಣುಮಗಳು ಆಕೆ. ಹೊಸಪೇಟೆಯ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ತೆಲುಗು ಹುಡುಗ ಈಶ್ವರಯ್ಯನನ್ನು ಕಟ್ಟಿಕೊಂಡು ವಿಶಾಖಪಟ್ಟಣಕ್ಕೆ ಬಂದವಳು, ಅಲ್ಲೇ ಬೇರು ಬಿಟ್ಟಳು. ಗಂಡ ಬಂದರಿನ ನೌಕರಿಯಿಂದ ನಿವೃತ್ತನಾದ. ಅಷ್ಟರಲ್ಲಿ ಅವನ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆಗಿ, ಡಾಕ್ಟರು ಗಾಡಿ ಓಡಿಸುವುದು ಬೇಡವೆಂದಾಗ, ಚೆನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರೈವಿಂಗ್ ಶಾಲೆಗೆ ನಡೆದಳು. ಕಲಿಸುವವನಿಗೆ ಆಕೆಯ ಮಗನ ವಯಸ್ಸು. ಅವನಿಗೇ ಮನೆಯಿಂದ ಚಕ್ಕುಲಿ ಒಯ್ದು ಕೊಟ್ಟು, ಅವನ ಕೈಯಲ್ಲೇ ಬೈಸಿಕೊಂಡು, ಕಲಿತಳು.

ಅಂದಿನಿಂದ ಊರು ಆಕೆಯದಾಯಿತು. ಮನಸ್ಸು ಬಂದ ದಿನ ಸಿಂಹಾಚಲಕ್ಕೆ ಹೋಗಿ ಅಪ್ಪನ್ನನ ದರ್ಶನ ಮಾಡಿ ಬರುವಳು. ಓಣಿಯ ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸುವಳು. ಬೇಸರವಾದರೆ ಭೀಮಿಲಿಯ ತನಕ ಸಮುದ್ರದ ದಂಡೆ ಹಿಡಿದು ಹೋಗಿ, ಒಂದು ಮುಂಜು, ಅಂದರೆ ತಾಟಿನಿಂಗು, ತಿಂದು ತಿರುಗಿ ಬರುವಳು. ಮೂವತ್ತು ವರ್ಷ ಯಾರಾದರೂ ಕರೆದುಕೊಂಡು ಹೋಗಲಿ ಎಂದು ಕಾದು ಕೂತವಳಿಗೆ, ಯಾರನ್ನೂ ಕೇಳದೆ ಹೊಸ್ತಿಲು ದಾಟುವ ಸುಖ ಎಂಥದೆಂದು ಗೊತ್ತಾದದ್ದು ಆ ಹಳೇ ಫಿಯೆಟ್ ಕಾರಿನಿಂದ.

ಆದರೆ ಕಾರು ಆಕೆಯದಲ್ಲ. ಅದು ಈಶ್ವರಯ್ಯನ ಅಕ್ಕ ಲಕ್ಷ್ಮೀಕಾಂತಮ್ಮನವರದು. ವಿಜಯವಾಡದ ಪಟಮಟದಲ್ಲಿ ಮಗನ ಜೊತೆಗಿದ್ದ ಆ ಹಿರಿಯಾಕೆ, ತಮ್ಮ ಯಜಮಾನರು ತೀರಿಕೊಂಡ ಮೇಲೆ, 'ಶೆಡ್ಡಿನಲ್ಲಿ ನಿಂತು ತುಕ್ಕು ಹಿಡಿಯುವುದಕ್ಕಿಂತ ನಿಮ್ಮ ಹತ್ತಿರ ಇರಲಿ' ಎಂದು ಬೀಗದ ಕೈ ಕೊಟ್ಟಿದ್ದರು. ಕೊಟ್ಟದ್ದು ಇಟ್ಟುಕೊಳ್ಳಲಿಕ್ಕೋ ನೋಡಿಕೊಳ್ಳಲಿಕ್ಕೋ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಿರಲಿಲ್ಲ.

ಎರಡು ಸಾವಿರದ ಒಂಬತ್ತರ ಕಾರ್ತಿಕ ಮಾಸ. ಲಕ್ಷ್ಮೀಕಾಂತಮ್ಮನವರು ತಮ್ಮನ ಮನೆಗೆ ಬಂದು ಸಿಂಹಾಚಲ, ಸಮುದ್ರಸ್ನಾನ ಎಲ್ಲ ಮುಗಿಸಿದ್ದರು. ಒಂದು ಸಂಜೆ ಗುಡಿಯಿಂದ ಬರುವಾಗ ಹಿಂದಿನ ಸೀಟಿನಿಂದ ಕೇಳಿದರು.

"ಎಷ್ಟು ಸ್ಪೀಡಿನಲ್ಲಿ ಹೋಗ್ತಿದ್ದೀಯಮ್ಮಾ ಚೆನ್ನಮ್ಮಾ?"

ಚೆನ್ನಮ್ಮ ಬಗ್ಗಿ ನೋಡಿದಳು. ಡ್ಯಾಶ್‌ಬೋರ್ಡಿನ ಹಳದಿ ಬೆಳಕು ಹಳೆಯ ಗಾಯದ ಮೇಲಿನ ಅರಿಶಿನದ ಹಾಗೆ ಕಂದಿಹೋಗಿತ್ತು. ಮುಳ್ಳು ಎಲ್ಲಿದೆಯೋ, ಅಂಕಿ ಎಲ್ಲಿದೆಯೋ.

"ನಲವತ್ತಿರಬೇಕು, ವದಿನಾ."

"ಇರಬೇಕು! ನೋಡಿದೆಯಾ ಈಶ್ವರಾ, ನಿನಗೆ ಕಣ್ಣು ಕಾಣಲ್ಲ ಅಂತ ಇವಳು ಓಡಿಸ್ತಾಳೆ. ಇವಳಿಗೂ ಕಾಣಲ್ಲ. ಇನ್ನು ಕಾರಿಗೆ ಕಾಣುತ್ತೋ ಏನೋ."

ಮನೆಗೆ ಬಂದು ಕಾಫಿ ಕುಡಿಯುವಾಗ ಮಾತು ಇತ್ಯರ್ಥಕ್ಕೆ ಬಂತು. ಲಕ್ಷ್ಮೀಕಾಂತಮ್ಮನವರ ಮಗ ರಾಮಮೋಹನ್‌ಗೆ ಹಳೇ ಗಾಡಿ ಕೊಳ್ಳುವವನೊಬ್ಬ ಗಂಟು ಬಿದ್ದಿದ್ದಾನಂತೆ. 'ಮಾಮಯ್ಯನಿಗೂ ಅತ್ತಯ್ಯನಿಗೂ ವಯಸ್ಸಾಯಿತು, ಗಾಡಿಗೂ ಆಯಿತು, ಮೂರಕ್ಕೂ ವಿಶ್ರಾಂತಿ ಕೊಡೋಣ' ಎನ್ನುತ್ತಾನಂತೆ. ಲಕ್ಷ್ಮೀಕಾಂತಮ್ಮನವರು ಲೋಟ ಕೆಳಗಿಟ್ಟರು.

"ಈ ಸಲ ನಾನು ರೈಲಿಗೆ ಹೋಗೋದಿಲ್ಲ. ನನ್ನನ್ನು ಇದೇ ಗಾಡಿಯಲ್ಲಿ ಪಟಮಟಕ್ಕೆ ಮುಟ್ಟಿಸು. ಕೆಡದೆ ಮುಟ್ಟಿತು ಅಂದರೆ ಕಾಗದಪತ್ರ ನಿನ್ನ ಹೆಸರಿಗೆ ಮಾಡಿಕೊಡ್ತೇನೆ. ದಾರಿಯಲ್ಲಿ ಕೆಟ್ಟು ನಿಂತಿತೋ, ರಾಮಮೋಹನ ಹೇಳಿದ ಹಾಗೆ. ಏನಂತೀಯಾ?"

"ಆಗಲಿ ವದಿನಾ," ಎಂದಳು ಚೆನ್ನಮ್ಮ. ವದಿನೆ ಎಂದರೆ ಗಂಡನ ಅಕ್ಕ. ವದಿನೆ ಹೂಡಿದ ಪಂದ್ಯಕ್ಕೆ 'ಆಗಲ್ಲ' ಎನ್ನುವ ಶಬ್ದ ತೆಲುಗಿನಲ್ಲಿ ಚೆನ್ನಮ್ಮ ಕಲಿತಿರಲಿಲ್ಲ.

*

ಮಾಳಿಗೆಯ ಮೇಲೆ ಬಿಂದುಶ್ರೀ ಬಾಡಿಗೆಗಿದ್ದಳು. ತುಮಕೂರಿನ ಹುಡುಗಿ, ಅಚ್ಯುತಾಪುರಂನ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರು. ಗಂಡನನ್ನು ಬಿಟ್ಟರೆ ಕನ್ನಡ ಮಾತಾಡಲು ಸಿಗುವ ಒಂದೇ ಜೀವವೆಂದು ಚೆನ್ನಮ್ಮ ಅವಳಿಗೆ ದಿನವೂ ಏನಾದರೊಂದು ಪಲ್ಯ ಮುಟ್ಟಿಸುತ್ತಿದ್ದಳು. ಎಲ್‌ಇಡಿ ಎಂಬ ಉಪಾಯ ಹೇಳಿದ್ದು ಅವಳೇ.

"ಒಳಗಿನ ಹಳೇ ಬಲ್ಬು ತೆಗೆದು ಎಲ್‌ಇಡಿ ಹಾಕ್ಬಿಡಿ ಆಂಟಿ. ಬೆಳ್ಳಗೆ ಹಾಲು ಚೆಲ್ಲಿದ ಹಾಗೆ ಕಾಣುತ್ತೆ. ಕರೆಂಟೂ ಗುಬ್ಬಚ್ಚಿ ತಿಂದಷ್ಟು ಸಾಕು."

ಇಬ್ಬರೂ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರು. ಅಂಗಡಿಯವನು ನೀಲಿ ದೀಪ ಹಚ್ಚಿ ತೋರಿಸಿ, ಈಗಿನ ಹುಡುಗರೆಲ್ಲ ಇದನ್ನೇ ಹಾಕಿಸುತ್ತಾರೆ ಎಂದ.

"ನೀಲಿ ಬ್ಯಾಡ," ಎಂದಳು ಚೆನ್ನಮ್ಮ ಬಿಂದುಶ್ರೀಗೆ. "ಗಾಡಿ ಬಾರ್ ಕಂಡಂಗ ಕಾಣತೈತಿ. ದೇವರ ಮೂರ್ತಿ ಇಟ್ಟೇನಿ ಅದರ ಮ್ಯಾಲ."

ಬಿಳಿಯದನ್ನೇ ತಂದರು. ಹಳೇ ಫಿಯೆಟ್ಟಿನಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಕೈ ತೂರಿಸಿದರೆ ಮೀಟರಿನ ಬೆನ್ನು ಸಿಗುತ್ತದೆ. ಹೋಲ್ಡರು ಎಳೆದರೆ ಗುಲಗಂಜಿಗಿಂತ ಒಂದಿಷ್ಟು ದಪ್ಪನೆಯ ಬಲ್ಬು ಅಂಗೈಗೆ ಬೀಳುತ್ತದೆ. ಕಪ್ಪಿಟ್ಟ ಹಳೆಯದನ್ನು ತೆಗೆಯುವುದು, ಹೊಸದನ್ನು ಕೂರಿಸುವುದು. ಮೊದಲನೆಯದು ಹೊತ್ತಲಿಲ್ಲ. ಚೆನ್ನಮ್ಮನ ಮುಖ ಸಣ್ಣದಾಯಿತು.

"ತಿರುಗಿಸಿ ಹಾಕಿ ಆಂಟಿ. ಇವಕ್ಕೆ ಪ್ಲಸ್ಸು ಮೈನಸ್ಸು ಇದೆ. ಒಂದು ಕಡೆಯಿಂದ ಮಾತ್ರ ಹೊತ್ಕೊಳ್ಳೋದು."

ತಿರುಗಿಸಿದ ಕೂಡಲೇ ಝಗ್ಗೆಂದಿತು. ಚೆನ್ನಮ್ಮ ಸೀಟಿನ ಕೆಳಗಿನಿಂದಲೇ ನಕ್ಕಳು. "ಥೇಟ್ ನಮ್ಮ ವದಿನಾ ನೋಡವಾ. ಅವರಿಗೂ ಮಾರಿ ಬೆನ್ನು ನೋಡೇ ಮಾತು ಹಚ್ಚಬೇಕು."

ಪೆಟ್ರೋಲಿನದು ಆಯಿತು, ಸ್ಪೀಡಿನದು ಆಯಿತು, ನೀರಿನ ಬಿಸಿ ತೋರಿಸುವುದು ಆಯಿತು. ಕೊನೆಗೆ ಬ್ಯಾಟರಿಯ ಚಿತ್ರವಿದ್ದ ಕೆಂಪು ಗಾಜಿನ ಹಿಂದಿನ ಬಲ್ಬು ಉಳಿಯಿತು. ಬಿಂದುಶ್ರೀ ಪ್ಯಾಕೆಟ್ಟಿನ ಹಿಂಬದಿ ಓದಿದಳು.

"ಇದೊಂದನ್ನ ಬಿಟ್ಬಿಡಿ ಆಂಟಿ. ಬ್ಯಾಟರಿ ದೀಪಕ್ಕೆ ಹಾಕಬೇಡಿ ಅಂತ ಬರೆದಿದಾರೆ."

"ಯಾಕಂತ?"

"ಅದು ಬರೆದಿಲ್ಲ."

ಚೆನ್ನಮ್ಮ ಎದ್ದು ಕೂತಳು. ಆಕೆಯ ತಂದೆ ಊರಿನ ಮಠದ ದಾಸೋಹದಲ್ಲಿ ಜೀವಮಾನವಿಡೀ ಬಡಿಸಿದವರು. ಸಾಲಿನಲ್ಲಿ ಕೂತವರು ಯಾರೇ ಆಗಲಿ, ಒಬ್ಬನ ಎಲೆಗೆ ಹುಗ್ಗಿ ಬಿದ್ದರೆ ಎಲ್ಲರ ಎಲೆಗೂ ಬೀಳಬೇಕು, ಇಲ್ಲವಾದರೆ ಪಂಕ್ತಿಭೇದದ ಪಾಪ ಬಡಿಸುವವನ ಕೈಗೆ ಅಂಟುತ್ತದೆ ಎಂದು ನಂಬಿದ್ದವರು. ಮಗಳು ಆ ನಂಬಿಕೆಯನ್ನು ಕುಂಕುಮದ ಭರಣಿಯ ಜೊತೆಗೆ ಸಮುದ್ರದ ಊರಿಗೆ ತಂದಿದ್ದಳು.

"ಏನವಾ, ಎಲ್ಲಾರಿಗೂ ಹೊಸಾದು ಕೊಟ್ಟು ತುದೀಗೆ ಕುಂತ ಒಬ್ಬಾವಗ ಹಳೇದು ಕೊಡೂದು? ಸಾಲಿನ್ಯಾಗ ಕುಂತಾನೋ ಇಲ್ಲೋ ಅವನೂ?"

"ಬಲ್ಬು ಆಂಟಿ ಅದು!"

"ಬಲ್ಬಾದರೇನು, ಬೆಳಕು ಕೊಡೂದು ಅಂದ ಮ್ಯಾಲೆ ದೀಪನ. ಕಾರ್ತಿಕದಾಗ ದೀಪಕ್ಕ ಭೇದ ಮಾಡಬಾರದು. ತಾ ಇಲ್ಲೆ."

ಬಿಂದುಶ್ರೀ ಕೊಟ್ಟಳು. ಹೀಗೆ ಕೆಂಪು ದೀಪವೂ ಪಂಕ್ತಿಯಲ್ಲಿ ಕೂತಿತು. ಎಂಜಿನ್ ಚಾಲೂ ಮಾಡಿದಾಗ ಹಳೆಯ ಬಲ್ಬು ಆರುತ್ತಿತ್ತು. ಇದು ಆರಲಿಲ್ಲ, ಸಣ್ಣಗೆ ಮಿನುಗುತ್ತಲೇ ಇತ್ತು. ಗುಬ್ಬಚ್ಚಿ ತಿಂದಷ್ಟಕ್ಕೇ ಉರಿಯುವ ದೀಪ ಅಲ್ಲವೇ, ಎಲ್ಲೋ ಚೂರು ಪಾರು ಸಿಕ್ಕಿದ್ದನ್ನೇ ನೆಕ್ಕುತ್ತಿರಬೇಕು ಎಂದುಕೊಂಡಳು ಚೆನ್ನಮ್ಮ. ಸಾಲು ತುಂಬಿ ಕಂಡಿತಲ್ಲ, ಆಕೆಯ ಕಣ್ಣೂ ತುಂಬಿತು.

ಮರುದಿನ ಸಂಪತ್ ವಿನಾಯಕನ ಗುಡಿಯ ಮುಂದೆ ಗಾಡಿ ಪೂಜೆ. ವಿಶಾಖಪಟ್ಟಣದಲ್ಲಿ ಆ ಗಣಪನಿಗೆ ತೋರಿಸದೆ ಯಾರೂ ಗಾಡಿಯನ್ನು ದೂರ ಒಯ್ಯುವುದಿಲ್ಲ. ಹೊಸ ದೀಪದ ಸಂಭ್ರಮದಲ್ಲಿ ಚೆನ್ನಮ್ಮ ಒಳಗಿನದು, ಹೊರಗಿನದು, ಇದ್ದ ದೀಪವನ್ನೆಲ್ಲ ಹಚ್ಚಿಯೇ ಸಾಲಿನಲ್ಲಿ ನಿಂತಳು. ಮುಂದೆ ಎರಡು ಲಾರಿ, ಒಂದು ಮದುವೆಯ ಬಸ್ಸು. ಗಾಲಿಯ ಕೆಳಗಿನ ನಿಂಬೆಹಣ್ಣು ಹಿಸುಕುವ ತನಕ ದೀಪಗಳು ಉರಿದೇ ಉರಿದವು. ಹೊಟ್ಟೆಗೆ ಏನೂ ಸೇರದೆ ಬ್ಯಾಟರಿ ಮಾತ್ರ ಉಪವಾಸದಲ್ಲಿ ಬಡಿಸುತ್ತಿತ್ತು. ಅದು ಆಗ ಗಣಪನಿಗೆ ಗೊತ್ತಿತ್ತೇ ಹೊರತು ಚೆನ್ನಮ್ಮನಿಗಲ್ಲ.

*

ಬೆಳಗಿನ ಜಾವ ಹೊರಟರು. ಈಶ್ವರಯ್ಯ ಮುಂದೆ, ಮಡಿಲಲ್ಲಿ ವಿಷ್ಣುಸಹಸ್ರನಾಮ. ಲಕ್ಷ್ಮೀಕಾಂತಮ್ಮನವರು ಹಿಂದೆ, ಸೀಟಿನ ನಟ್ಟನಡುವೆ, ನ್ಯಾಯಾಧೀಶರು ಕೂತ ಹಾಗೆ.

"ಈಗ ಎಷ್ಟು ಸ್ಪೀಡು?"

"ಐವತ್ತೆರಡು, ವದಿನಾ." ಅಂಕಿ ಮುತ್ತು ಪೋಣಿಸಿದಂತೆ ಹೊಳೆಯುತ್ತಿತ್ತು.

"ಹೂಂ."

ಆ ಹೂಂಕಾರ ಚೆನ್ನಮ್ಮನಿಗೆ ಹೂವಿನ ಹಾರದಷ್ಟು ಹಿತವಾಯಿತು. ಅನಕಾಪಲ್ಲಿಯಲ್ಲಿ ಬೆಳಕು ಹರಿಯಿತು. ಊರಿಗೆ ಊರೇ ಬೆಲ್ಲದ ವಾಸನೆ. ಲಕ್ಷ್ಮೀಕಾಂತಮ್ಮನವರು ಇಳಿದು, ಅಂಗಡಿ ಅಂಗಡಿಯ ಬೆಲ್ಲ ಚೀಪಿ, ಒಂದು ಬುಟ್ಟಿ ಆರಿಸಿದರು. ಮತ್ತೆ ಎಂಜಿನ್ ಚಾಲೂ ಮಾಡುವಾಗ ಗಾಡಿ 'ಊಂ... ಊಂ...' ಎಂದು ನರಳಿ, ಬೇಸರದಿಂದ ಎದ್ದಿತು.

"ಏನದು ಸದ್ದು?"

"ಕಾರ್ತಿಕದ ಚಳಿ ಅಲ್ಲವಾ ಅಕ್ಕಾ," ಎಂದ ಈಶ್ವರಯ್ಯ.

"ಯಾವ ಚಳಿಯೋ? ನಾನಿಲ್ಲಿ ಬೀಸಣಿಗೆ ಹಿಡಿದು ಕೂತಿದ್ದೇನೆ."

ತುನಿ ಹತ್ತಿರ ಎಮ್ಮೆಗಳ ಹಿಂಡು ಅಡ್ಡ ಬಂತು. ಚೆನ್ನಮ್ಮ ಹಾರ್ನ್ ಒತ್ತಿದಳು. ಗಂಡುದನಿಯಲ್ಲಿ ಗದರುತ್ತಿದ್ದ ಹಾರ್ನು ಅಂದು ಎಳೆ ಮೇಕೆಯ ಹಾಗೆ 'ಮ್ಯಾ' ಎಂದಿತು. ಎಮ್ಮೆಯೊಂದು ತಿರುಗಿ, ಯಾರ ಮನೆಯ ಮರಿ ಇದು ಎಂಬಂತೆ ಕರುಣೆಯಿಂದ ನೋಡಿತು.

ಚೆನ್ನಮ್ಮ ಗಂಡನ ಕಡೆ ಕಣ್ಣು ಹೊರಳಿಸಿದಳು. ಇಬ್ಬರ ನಡುವಿನ ಗುಟ್ಟಿನ ಭಾಷೆ ಕನ್ನಡ. "ರೀ, ಏನೋ ಆಗೇತ್ರೀ ಇದಕ್ಕ. ದನಿನ ಹೋಗೇತಿ."

"ನಿಲ್ಲಿಸಬ್ಯಾಡ," ಎಂದ ಈಶ್ವರಯ್ಯ, ಪುಸ್ತಕದಿಂದ ತಲೆ ಎತ್ತದೆ. "ಏನೇ ಆದರೂ ನಿಲ್ಲಿಸಬ್ಯಾಡ."

"ಏನು ಗುಸುಗುಸು?" ಎಂದರು ಹಿಂದಿನಿಂದ.

"ಎಮ್ಮೆ ಚೆನ್ನಾಗಿದೆ ಅಂತಿದ್ದಳು ಅಕ್ಕಾ."

ಆದರೆ ಅನ್ನವರಂ ಎಂಬ ಊರು ದಾರಿಯಲ್ಲೇ ಇರುವಾಗ, ಅದೂ ಕಾರ್ತಿಕದಲ್ಲಿ, ನಿಲ್ಲಿಸದೆ ಹೋಗುವುದು ಹೇಗೆ? ಬೆಟ್ಟದ ಮೇಲಿನ ಸತ್ಯನಾರಾಯಣಸ್ವಾಮಿಯ ಕಳಸ ಕಂಡದ್ದೇ ತಡ, ಲಕ್ಷ್ಮೀಕಾಂತಮ್ಮನವರು ಕೈ ಮುಗಿದು, "ಹತ್ತಿಸು ಮೇಲಕ್ಕೆ," ಎಂದರು. ಗಾಡಿ ಘಾಟಿ ರಸ್ತೆಯನ್ನು ಹೇಗೋ ಹತ್ತಿತು. ಚೆನ್ನಮ್ಮ ಬುದ್ಧಿ ಓಡಿಸಿ, ಮೂತಿ ಇಳಿಜಾರಿನ ಕಡೆಗೇ ಇರುವಂತೆ ನಿಲ್ಲಿಸಿದಳು. ನಿಲ್ಲಿಸುವಾಗ ಮನಸ್ಸಿನಲ್ಲಿ, ಸ್ವಾಮೀ, ಇದನ್ನು ಆರಿಸುತ್ತಿರುವವಳು ನಾನು, ಹೊತ್ತಿಸುವವನು ನೀನು ಎಂದಳು.

ದರ್ಶನ ಸಾಂಗವಾಯಿತು. ಎಲೆಯ ಪೊಟ್ಟಣದಲ್ಲಿ ಗೋಧಿಯ ಪ್ರಸಾದ, ತುಪ್ಪ ಎಲೆಯ ಹೊರಗೂ ಒಸರುತ್ತಿತ್ತು. ವದಿನೆಯನ್ನು ಕೂರಿಸಿ, ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಚೆನ್ನಮ್ಮ ಕೀ ತಿರುಗಿಸಿದಳು.

'ಟಿಕ್.'

ಇನ್ನೊಮ್ಮೆ ತಿರುಗಿಸಿದಳು. 'ಟಿಕ್' ಕೂಡ ಅರ್ಧವೇ ಬಂತು.

ಈಶ್ವರಯ್ಯನ ತುಟಿಯ ಮೇಲೆ ಸಹಸ್ರನಾಮ ನಿಂತುಹೋಯಿತು. ಚೆನ್ನಮ್ಮನಿಗೆ ಒಂದು ಗಳಿಗೆ ಭೀಮಿಲಿಯ ದಂಡೆ, ಸಿಂಹಾಚಲದ ಮೆಟ್ಟಿಲು, ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ ಬಸುರಿಯರು ಎಲ್ಲ ಕಣ್ಣ ಮುಂದೆ ಸರಿದುಹೋದವು. ಇಳಿದು ತಳ್ಳಿಸಿದರೆ ಪಂದ್ಯ ಅಲ್ಲಿಗೇ ಮುಗಿಯಿತು. ಆಕೆ ಗೇರು ನ್ಯೂಟ್ರಲ್ಲಿಗೆ ತಂದು, ಮೆಲ್ಲಗೆ ಹ್ಯಾಂಡ್‌ಬ್ರೇಕ್ ಇಳಿಸಿದಳು.

ಬೆಟ್ಟ ತಾನಾಗಿ ಗಾಡಿಯನ್ನು ಎತ್ತಿಕೊಂಡಿತು.

ತಕ್ಷಣ ಗೇರಿಗೆ ಹಾಕಿ ಕ್ಲಚ್ ಬಿಟ್ಟಿದ್ದರೆ ಎಂಜಿನ್ ಹೊತ್ತುತ್ತಿತ್ತೇನೋ. ಆದರೆ ಮುಂದೆ ವ್ರತ ಮುಗಿಸಿದ ದಂಪತಿಗಳು ರಸ್ತೆ ತುಂಬ ನಡೆಯುತ್ತಿದ್ದರು. ಹೊತ್ತುವಾಗ ಗಾಡಿ ಜಿಗಿಯುತ್ತದೆ, ಜಿಗಿಯಲು ಜಾಗ ಬೇಕು. ಹಾರ್ನು ಸತ್ತಿತ್ತು. ಈಶ್ವರಯ್ಯ ಕಿಟಕಿಯಿಂದ ಸೊಂಟದ ತನಕ ಹೊರಗೆ ಬಂದು, ಬಂದರಿನಲ್ಲಿ ಹಡಗಿನವರನ್ನು ಕೂಗಿದ ಗಂಟಲಿನಲ್ಲಿ, "ಜರಗಂಡಿ ಬಾಬೂ, ಜರಗಂಡಿ!" ಎಂದು ಕೂಗಿ ದಾರಿ ಬಿಡಿಸತೊಡಗಿದ.

"ಇವನಿಗೇನಾಯಿತು?" ಎಂದರು ಲಕ್ಷ್ಮೀಕಾಂತಮ್ಮನವರು.

"ದೇವರ ಬೆಟ್ಟ ವದಿನಾ, ಹಾರ್ನ್ ಹೊಡೆಯೋದು ಚೆಂದ ಅಲ್ಲ ಅಂತ..."

ತಿರುವು ಕಳೆಯಿತು. ಇನ್ನೊಂದು ತಿರುವು. ಚೆನ್ನಮ್ಮನ ಬಲಗಾಲು ಬ್ರೇಕಿನ ಮೇಲೆ, ಪ್ರಾಣ ಸ್ಟಿಯರಿಂಗಿನ ಮೇಲೆ. ಎಂಜಿನ್ನಿನ ಗದ್ದಲವಿಲ್ಲ. ಗಾಳಿ ಕಿಟಕಿಯಲ್ಲಿ ಸುಯ್ಯೆನ್ನುತ್ತಿತ್ತು. ಕೆಳಗೆ ಪಂಪಾ ನದಿಯ ನೀರು ಮರಗಳ ಸಂದಿಯಲ್ಲಿ ಕಂಡು ಮರೆಯಾಗುತ್ತಿತ್ತು. ಎಲ್ಲೋ ಗಿಳಿಗಳ ಹಿಂಡು ಜಗಳವಾಡುತ್ತ ಹಾರಿತು.

"ಆಹಾ," ಎಂದರು ಹಿಂದಿನಿಂದ. ಅಂಥ ದನಿಯನ್ನು ಚೆನ್ನಮ್ಮ ವದಿನೆಯ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. "ಈಗ ನೋಡು ಹೇಗೆ ಹೋಗ್ತಿದೆ. ನೀರಿನ ಮೇಲೆ ದೋಣಿ ಹೋದ ಹಾಗೆ."

ಈಶ್ವರಯ್ಯ ಒಳಗೆ ಬಂದು ಕೂತು, ಬಿಟ್ಟ ನಾಮಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಕೊನೆಗೆ ನೇರ ರಸ್ತೆ ಸಿಕ್ಕಿತು, ಜನರಿರಲಿಲ್ಲ. ಚೆನ್ನಮ್ಮ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟಳು. ಗಾಡಿ ಒಮ್ಮೆ ಬಿಕ್ಕಳಿಸಿ, ಮುಗ್ಗರಿಸಿ, ಗುಡುಗುಡು ಎಂದು ಎಚ್ಚರಗೊಂಡಿತು.

"ಹಾಳಾಯಿತು," ಎಂದರು ಲಕ್ಷ್ಮೀಕಾಂತಮ್ಮನವರು. "ಮತ್ತೆ ಸದ್ದು."

*

ಬೆಟ್ಟದ ಬುಡದಲ್ಲಿ ಎಂಜಿನ್ ಆರಿಸದೆ, ಗಂಡನನ್ನು ಸ್ಟಿಯರಿಂಗಿನ ಹತ್ತಿರ ಕಾವಲಿಟ್ಟು, ಚೆನ್ನಮ್ಮ ಎಳನೀರಿನ ಗಾಡಿಯ ಮರೆಗೆ ಹೋಗಿ ಬಿಂದುಶ್ರೀಗೆ ಫೋನು ಮಾಡಿದಳು. ಹಾರ್ನು ಮೇಕೆಯಾದದ್ದು, ಕೀ ಟಿಕ್ ಎಂದದ್ದು, ಎಲ್ಲ ಹೇಳಿದಳು.

"ಆಂಟಿ, ಕೆಂಪು ಲೈಟು ಉರೀತಿದೆಯಾ?"

"ಸಣ್ಣಗ ಉರೀತೈತಿ. ಹಾಕಿದಾಗಿಂದ ಉರೀತೈತಿ."

"ಅಯ್ಯೋ ದೇವ್ರೇ. ಒಂದ್ನಿಮಿಷ ಇರಿ, ನಮ್ಮ ಎಲೆಕ್ಟ್ರಿಕಲ್‌ನವರನ್ನ ಕೇಳಿ ಹೇಳ್ತೀನಿ."

ಆ ಒಂದು ನಿಮಿಷದಲ್ಲಿ ಚೆನ್ನಮ್ಮ ಪಂಚಾಕ್ಷರಿ ಜಪಿಸಿದಳು. ಬಿಂದುಶ್ರೀ ಓಡಿಬಂದವಳ ದನಿಯಲ್ಲಿ ಶುರುಮಾಡಿದಳು.

"ಕೇಳಿ ಆಂಟಿ. ಬ್ಯಾಟರಿ ತುಂಬಿಸೋ ಆಲ್ಟರ್ನೇಟರ್ ಇದೆಯಲ್ಲ, ನಾವು ಡೈನಮೋ ಅನ್ನೋದು, ಅದು ತಾನಾಗೇ ಕರೆಂಟು ಮಾಡಲ್ವಂತೆ. ಶುರುವಾಗೋಕೆ ಬ್ಯಾಟರಿಯಿಂದ ಒಂದು ಗುಟುಕು ಕರೆಂಟು ಹೋಗಿ ಅದನ್ನ ಎಬ್ಬಿಸಬೇಕು. ಆ ಗುಟುಕು ಹೋಗೋ ದಾರೀನೇ ಕೆಂಪು ಬಲ್ಬು. ಹಳೇ ಬಲ್ಬಲ್ಲಾದ್ರೆ ಧಾರಾಳವಾಗಿ ದಾಟ್ತಿತ್ತು. ನಾವು ಹಾಕಿರೋ ಎಲ್‌ಇಡಿ ಎಷ್ಟು ಬಿಗಿಮುಷ್ಟಿ ಅಂದ್ರೆ, ಹನೀನೂ ದಾಟಿಸಲ್ಲ. ಡೈನಮೋ ಮಲಗೇ ಇದೆ. ಇಷ್ಟು ದಿನ ಬರೀ ಬ್ಯಾಟರೀಲೇ ಓಡಿಸಿದೀರ!"

ಚೆನ್ನಮ್ಮ ಅಂಗೈಯಿಂದ ಹಣೆ ಹೊಡೆದುಕೊಂಡಳು. "ಅಯ್ಯ ಶಿವನ! ಅದು ಉಣ್ಣಾಕ ಕುಂತಿದ್ದಲ್ಲವಾ, ಬಡಿಸಾಕ ನಿಂತಿತ್ತು! ಬಡಿಸೋವನ್ನ ಹಿಡಿದು ಪಂಕ್ತಿಗೆ ಕುಂದರಿಸೀನಲ್ಲ ನಾನು!"

"ಹಳೇ ಥರದ್ದೇ ಒಂದು ಬಲ್ಬು ಸಿಕ್ಕಿದ್ರೆ ಸಾಕು ಆಂಟಿ. ಅದೇ ಜಾಗಕ್ಕೆ ಹಾಕ್ಬಿಡಿ. ಅಲ್ಲಿ ತನಕ ಎಂಜಿನ್ ಆಫ್ ಮಾಡ್ಬೇಡಿ."

ಜಗ್ಗಂಪೇಟೆಯಲ್ಲಿ ಹೆದ್ದಾರಿಗೆ ಹತ್ತಿಕೊಂಡೇ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ ಕಂಡಿತು. ಎಂಜಿನ್ ಗುಡುಗುಡು ಎನ್ನುತ್ತಲೇ ಚೆನ್ನಮ್ಮ ಇಳಿದು, ಬಲ್ಬು ತಂದು, ಸೆರಗು ಬಿಗಿದು ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಿದಳು.

"ಏನು ಬಿತ್ತು ಅಲ್ಲಿ?" ಎಂದರು ಲಕ್ಷ್ಮೀಕಾಂತಮ್ಮನವರು.

ಬಿದ್ದ ಓಲೆ ಹುಡುಕುತ್ತಿದ್ದೇನೆ ಎನ್ನಬಹುದಿತ್ತು. ಈಶ್ವರಯ್ಯ ಆ ಮಾತಿಗೆ ಬಾಯಿ ತೆರೆದೂ ಇದ್ದ. ಆದರೆ ಸೀಟಿನ ಮೇಲೆ ಎಲೆಯ ಪೊಟ್ಟಣ ಇನ್ನೂ ಬೆಚ್ಚಗಿತ್ತು. ಸತ್ಯನಾರಾಯಣನ ಪ್ರಸಾದದ ಪಕ್ಕದಲ್ಲೇ ತಲೆ ಇಟ್ಟುಕೊಂಡು ಸುಳ್ಳಾಡುವಷ್ಟು ಗಟ್ಟಿ ಎದೆ ಚೆನ್ನಮ್ಮನಿಗೆ ಇರಲಿಲ್ಲ. ಮುಖ ಕಾಣದಿದ್ದದ್ದೇ ಅನುಕೂಲವಾಗಿ, ಪೆಡಲುಗಳ ನಡುವಿನಿಂದಲೇ ಎಲ್ಲವನ್ನೂ ಹೇಳಿಬಿಟ್ಟಳು. ಬೇಡವೆಂದರೂ ಕೆಂಪು ಬಲ್ಬು ಬದಲಾಯಿಸಿದ್ದು, ಬ್ಯಾಟರಿ ಬರಿದಾದದ್ದು, ಹಾರ್ನು ಸತ್ತದ್ದು.

"ಬೆಟ್ಟದ ಮೇಲೆ ಗಾಡಿ ಕೆಟ್ಟೇ ನಿಂತಿತ್ತು ವದಿನಾ. ನಿಮ್ಮನ್ನ ಎಂಜಿನ್ ಇಲ್ಲದೆ, ಬರೀ ಇಳಿಜಾರಿನಲ್ಲಿ ಉರುಳಿಸಿಕೊಂಡು ಬಂದೆ. ಗಾಡಿಯ ತಪ್ಪಲ್ಲ, ನನ್ನ ತಪ್ಪು. ಪಂದ್ಯ ನೀವು ಗೆದ್ದಿರಿ."

ಹೊಸ ಬಲ್ಬು ಹೋಲ್ಡರಿನಲ್ಲಿ ಕೂತಿತು. ಕೆಂಪು ಗಾಜು ಕೆಂಡದ ಹಾಗೆ ಹೊಳೆಯಿತು. ಚೆನ್ನಮ್ಮ ಅಲ್ಲಿಂದಲೇ ಕೈಯಿಂದ ಆಕ್ಸಿಲರೇಟರ್ ಒತ್ತಿದಳು. ಎಂಜಿನ್ ಗುರ್ರೆಂದಿತು, ಕೆಂಪು ದೀಪ ತಟ್ಟನೆ ಆರಿತು. ಡೈನಮೋ ಎದ್ದಿತ್ತು.

ಚೆನ್ನಮ್ಮ ಧೂಳು ಕೊಡವಿಕೊಂಡು ಮೇಲೆದ್ದು ಕನ್ನಡಿಯಲ್ಲಿ ನೋಡಿದಳು. ಲಕ್ಷ್ಮೀಕಾಂತಮ್ಮನವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಎಂಜಿನ್ ಆರಿದೆ ಅಂತ ನನಗೆ ಗೊತ್ತಾಗಲಿಲ್ಲ ಅಂದುಕೊಂಡೆಯಾ?"

ಚೆನ್ನಮ್ಮ ಕನ್ನಡಿಯಿಂದ ಕಣ್ಣು ತೆಗೆದು ಹಿಂದಕ್ಕೆ ತಿರುಗಿದಳು.

"ಇದೇ ಗಾಡಿಯಲ್ಲಿ ನಾನು ಎಷ್ಟು ಬೆಟ್ಟ ಇಳಿದಿಲ್ಲ! ಸಿಂಹಾಚಲ ಆಗಲಿ, ಶ್ರೀಶೈಲ ಆಗಲಿ, ಇಳಿಜಾರು ಬಂತು ಅಂದರೆ ನಮ್ಮ ಯಜಮಾನರು ಎಂಜಿನ್ ಆರಿಸಿಬಿಡೋರು. ಪೆಟ್ರೋಲು ಉಳಿಸೋ ಜಿಪುಣ ಅಂತ ನಾನು ಬೆಟ್ಟದುದ್ದಕ್ಕೂ ಬೈಯೋಳು. ಅವರು ಏನು ಹೇಳೋರು ಗೊತ್ತಾ? 'ಕಾಂತಂ, ಒಂದು ಗಳಿಗೆ ನೀನೂ ಆರು. ಹಕ್ಕಿ ಏನಂತಾವೆ ಕೇಳೋಣ.'"

ಈಶ್ವರಯ್ಯನಿಗೆ ಬಾವನ ಆ ಗತ್ತು ನೆನಪಾಗಿ ನಗು ಬಂತು. ಅಕ್ಕನೂ ನಕ್ಕರು. ನಗುವಿನ ಕೊನೆಯಲ್ಲಿ ಸೆರಗಿನಿಂದ ಮೂಗು ಒರೆಸಿಕೊಂಡರು.

"ನಾನು ಒಂದು ಸಲವೂ ಆರಲಿಲ್ಲ. ಬೈದದ್ದೇ ಬೈದದ್ದು. ಇವತ್ತು ಮೊದಲ ಸಲ ಕೇಳಿದೆ. ಗಿಳಿ ಇದ್ದವು, ಅಲ್ಲವೇನೇ?"

"ಇದ್ದವು ವದಿನಾ."

"ಈಶ್ವರಾ, ಇಳಿ. ಹಿಂದೆ ಬಾ. ನಾನು ಮುಂದೆ ಕೂತುಕೊಳ್ತೇನೆ."

ಮುಂದೆ ಬಂದು ಕೂತರು. ಚೆನ್ನಮ್ಮ ಪ್ರಸಾದದ ಪೊಟ್ಟಣ ಬಿಚ್ಚಿದಳು. ಮೂವರೂ ಅಲ್ಲೇ ತಿಂದು, ಎಲೆಗೆ ಅಂಟಿದ ತುಪ್ಪವನ್ನೂ ಬಿಡಲಿಲ್ಲ. ಪಂದ್ಯದ ಮಾತು ಮಾತ್ರ ಯಾರೂ ಎತ್ತಲಿಲ್ಲ. ತಾನಾಗಿ ಎತ್ತುವ ಧೈರ್ಯ ಚೆನ್ನಮ್ಮನಿಗಿರಲಿಲ್ಲ. ಗೋದಾವರಿಯ ಸೇತುವೆಯ ಮೇಲೆ ಹಾರ್ನು ಒತ್ತಿದರೆ ಹಳೆಯ ಗಂಡುದನಿ ಮರಳಿತ್ತು. ತಾಡೇಪಲ್ಲಿಗೂಡೆಂ ದಾಟುವ ತನಕ ಲಕ್ಷ್ಮೀಕಾಂತಮ್ಮನವರು ಯಜಮಾನರ ಒಂದೊಂದೇ ಕಥೆ ತೆಗೆದರು. ಏಲೂರು ದಾಟಿದ ಮೇಲೆ ಕೇಳಿದರು.

"ಪಟಮಟ ಬರೋದರೊಳಗೆ ಇನ್ನೊಂದು ಇಳಿಜಾರು ಇಲ್ಲವಾ?"

"ಇಲ್ಲ ವದಿನಾ, ಎಲ್ಲ ಮಟ್ಟಸ."

"ಥೂ. ಎಂಥ ದಾರಿ."

ಪಟಮಟ ಸೇರುವ ಹೊತ್ತಿಗೆ ಬೀದಿದೀಪ ಹೊತ್ತಿದ್ದವು. ಚೆನ್ನಮ್ಮ ಹೆಡ್‌ಲೈಟ್ ಹಾಕಿದಳು. ಡ್ಯಾಶ್‌ಬೋರ್ಡು ಬೆಳದಿಂಗಳಾಯಿತು. ದುರ್ಗಮ್ಮನ ಬೆಟ್ಟ ಇರುವ ದಿಕ್ಕಿಗೆ ಮನಸ್ಸಿನಲ್ಲೇ ಕೈ ಮುಗಿದು, ಇನ್ನೇನು ಕೇಳುವುದು, ಕರೆತಂದೆಯಲ್ಲ, ಸಾಕು ಎಂದುಕೊಂಡಳು. ಮನೆಯ ಗೇಟಿನ ಮುಂದೆ ರಾಮಮೋಹನ್ ನಿಂತಿದ್ದ. ಪಕ್ಕದಲ್ಲಿ ಸಫಾರಿ ತೊಟ್ಟ ಇನ್ನೊಬ್ಬ, ಗಾಡಿ ನಿಲ್ಲುವ ಮೊದಲೇ ಟೈರು ನೋಡತೊಡಗಿದ. ಗಾಡಿ ಕೊಳ್ಳುವವನೆಂದು ಕೇಳಬೇಕಾಗಿರಲಿಲ್ಲ.

"ಬಂದಿರಾ! ಅಮ್ಮಾ, ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ ತಾನೇ?"

ಚೆನ್ನಮ್ಮ ಸ್ಟಿಯರಿಂಗ್ ಬಿಡದೆ ಕೂತಳು.

"ಆಯಿತು," ಎಂದರು ಲಕ್ಷ್ಮೀಕಾಂತಮ್ಮನವರು, ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟು. "ಅನ್ನವರಂನಲ್ಲಿ ನಿಂತುಹೋಯಿತು."

ರಾಮಮೋಹನ್ ಸಫಾರಿಯವನ ಕಡೆ ತಿರುಗಿ ಹುಬ್ಬು ಹಾರಿಸಿದ. "ನಾನು ಹೇಳಲಿಲ್ಲವಾ? ಕೆಟ್ಟಿತು ಅಂದ ಮೇಲೆ ಮಾತು ಮುಗೀತು. ಅತ್ತಯ್ಯಾ, ಬೇಜಾರು ಮಾಡ್ಕೋಬೇಡಿ..."

"ಏನು ಮುಗಿಯೋದು? ನಾನು ಬರೋ ರೈಲು ತುನಿಯಲ್ಲಿ ನಿಲ್ಲುತ್ತೆ, ಸಾಮರ್ಲಕೋಟದಲ್ಲಿ ನಿಲ್ಲುತ್ತೆ, ರಾಜಮಂಡ್ರಿಯಲ್ಲಿ ನಿಲ್ಲುತ್ತೆ. ಯಾರಾದರೂ ಮಾರಿದರೇನೋ ಅದನ್ನ?"

"ಅದಲ್ಲಮ್ಮಾ, ಕೆಟ್ಟರೆ ಕೊಡೋದು ಅಂತ ನೀವೇ ತಾನೇ..."

"ನಾನೇ ಹೇಳಿದ್ದು. ನಾನೇ ಬೇರೆ ಹೇಳ್ತಿದ್ದೇನೆ. ಗಾಡಿ ಕೆಡಿಸಿದ್ದು ಇವಳೇ, ರಿಪೇರಿ ಮಾಡಿದ್ದೂ ಇವಳೇ. ಅಷ್ಟು ಮಾಡಿದ ಮೇಲೆ ಇನ್ಯಾರದಾಗುತ್ತೆ ಅದು? ನಾಳೆ ಕಾಗದಪತ್ರ ಹುಡುಕು." ಸಫಾರಿಯವನ ಕಡೆ ತಿರುಗಿ ಮರ್ಯಾದೆಯಿಂದ ಹೇಳಿದರು. "ನೀವು ಕಾಫಿ ಕುಡಿದು ಹೋಗಿ ಬಾಬೂ. ಆ ಬೆಲ್ಲದ ಬುಟ್ಟಿ ಸ್ವಲ್ಪ ಇಳಿಸಿಕೊಡಿ."

ಸಫಾರಿಯವನು ಬುಟ್ಟಿ ಹೊತ್ತು ಒಳಗೆ ನಡೆದ. ರಾಮಮೋಹನ್ ಅವನ ಹಿಂದೆ. ಈಶ್ವರಯ್ಯ ಇಬ್ಬರ ಹಿಂದೆ, ಅಕ್ಕನ ಕೈಚೀಲ ಹಿಡಿದು, ಏನೋ ಗೊಣಗುತ್ತಿದ್ದ. ಅದು ಸಹಸ್ರನಾಮವೋ ನಗುವೋ ತಿಳಿಯಲಿಲ್ಲ.

ಚೆನ್ನಮ್ಮ ಒಬ್ಬಳೇ ಉಳಿದಳು. ಅನ್ನವರಂ ಬಿಟ್ಟ ಮೇಲೆ ಮೊದಲ ಬಾರಿಗೆ ಎಂಜಿನ್ ಆರಿಸಿದಳು. ಬೀದಿಯ ಸದ್ದೆಲ್ಲ ಮೆಲ್ಲನೆ ಹತ್ತಿರ ಬಂತು: ಸಿಟಿ ಬಸ್ಸಿನ ಹಾರ್ನು, ಯಾರದೋ ಮನೆಯ ಪೂಜೆಯ ಗಂಟೆ, ಒಗ್ಗರಣೆ ಚಟಪಟ. ಒಂದು ಗಳಿಗೆ ಕೇಳುತ್ತ ಕೂತಳು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಶಿವ ಶಿವಾ ಎನ್ನುತ್ತ ಕೀ ತಿರುಗಿಸಿದಳು.

ಒಂದೇ ಏಟಿಗೆ ಹೊತ್ತಿತು.

"ಮತ್ತೆಲ್ಲಿಗೆ ಹೊರಟೆ?" ಒಳಗಿನಿಂದ ಲಕ್ಷ್ಮೀಕಾಂತಮ್ಮನವರ ದನಿ ಬಂತು. "ಬಾರಮ್ಮಾ ಒಳಗೆ, ಕಾಫಿ ಆರುತ್ತೆ!"